ಅಮ್ಮನ ಓಟು ತ್ರಿಪ್ಪುಣಿತ್ತುರಕ್ಕೆ ಬಂದದ್ದು

ನಾವು ಕಾಸರಗೋಡಿನ ಕನ್ನಡದವರು ಕೊಚ್ಚಿಯಲ್ಲಿ ಎಷ್ಟು ವರ್ಷ ಸಂಸಾರ ಹೂಡಿದರೂ ಓಟನ್ನು ಮಾತ್ರ ಊರಿನಲ್ಲೇ ಬಿಟ್ಟಿರುತ್ತೇವೆ. ರೇಷನ್ ಕಾರ್ಡು ಬರುತ್ತದೆ, ಗ್ಯಾಸ್ ಬರುತ್ತದೆ, ಓಟು ಬರುವುದಿಲ್ಲ. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ನಾವು ನಾಲ್ಕು ಮನೆಯವರು ಊಟಕ್ಕೆ ಸೇರಿದರೆ ಊರ ಪಂಚಾಯತಿಯದೇ ಮಾತು. ಅಸೆಂಬ್ಲಿಗಾದರೆ ಒಬ್ಬೊಬ್ಬರದು ಒಂದೊಂದು ಪಕ್ಷ. ಅಜ್ಜನ ಕಾಲದಿಂದ ಬಂದದ್ದು, ಅದನ್ನು ಯಾರೂ ಅಲ್ಲಾಡಿಸಲಾರರು. ಪಂಚಾಯತಿಗೆ ಮಾತ್ರ ಮುಖ ನೋಡಿ ಓಟು. ಯಾರ ಮಗಳು, ಯಾರ ಸೊಸೆ, ಕರೆದರೆ ಬರುತ್ತಾಳಾ, ಅಷ್ಟೇ ಕೇಳುವುದು. ಐಟಿ ಪಾರ್ಕಿನ ಬೆಂಗಳೂರು, ಹುಬ್ಬಳ್ಳಿ ಕಡೆಯ ಹುಡುಗರು ಇದನ್ನು ಕೇಳಿ ನಗುತ್ತಾರೆ. ಅವರ ಓಟೂ ಊರಿನಲ್ಲೇ ಇದೆ. ಅವರು ಹೋಗುವುದಿಲ್ಲ, ನಾವು ಹೋಗುತ್ತೇವೆ.

ಈ ಕಟ್ಟಳೆ ಮುರಿದ ಪುಣ್ಯಾತ್ಮ ನಾನು.

ಅಮ್ಮ ಊರಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ನಮ್ಮ ಮನೆಗೆ ಬಂದ ಮೇಲೂ ಪ್ರತಿ ಚುನಾವಣೆಗೆ ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಮತಗಟ್ಟೆ ಇರುವುದು ಅವಳು ಪಾಠ ಮಾಡಿದ ಕೋಣೆಯಲ್ಲೇ. ಮೂರು ಪಕ್ಷದ ಏಜೆಂಟರೂ ಅವಳ ಶಿಷ್ಯರು. ಅವಳು ಒಳಗೆ ಕಾಲಿಟ್ಟರೆ ಮೂವರೂ ಎದ್ದು ನಿಲ್ಲುತ್ತಾರೆ. ಆ ಒಂದು ನಿಮಿಷಕ್ಕಾಗಿಯೇ ಅವಳು ಅಷ್ಟು ದೂರ ಹೋಗುತ್ತಾಳೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ನಮ್ಮ ಬೀದಿಯಲ್ಲಿ ಒಂದು ಪಕ್ಷದ ಕಾರ್ಯಕರ್ತನಿದ್ದಾನೆ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿ, ನಮ್ಮವರು, ಅವರವರು, ಸಂಶಯದವರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ. ನಮ್ಮ ಮನೆಯ ಜಾಗ ಖಾಲಿ. ಅವನಿಗೆ ಅದು ತುರಿಕೆ. ‘ಅಮ್ಮಯುಟೆ ವೋಟ್ ಇವಿಡೆ ಆಕ್ಕಾಂ ಸಾರೇ’ ಎಂದ. ಅಮ್ಮನ ಓಟನ್ನು ಇಲ್ಲಿಗೇ ಮಾಡಿಸುವ, ಈ ವಯಸ್ಸಿನಲ್ಲಿ ರೈಲು ಯಾಕೆ ಎಂದು. ನನಗೂ ರಜೆ ಹಾಕಿ ಸಾಕಾಗಿತ್ತು. ನನ್ನ ಓಟನ್ನೂ ಸೇರಿಸಿ ಒಪ್ಪಿದೆ.

ಊರಿನ ಪಟ್ಟಿಯಿಂದ ಹೆಸರು ತೆಗೆದು ಇಲ್ಲಿ ಸೇರಿಸುವ ಅರ್ಜಿ ಮಲಯಾಳದಲ್ಲಿತ್ತು. ಅಮ್ಮ ಮಲಯಾಳ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ‘ಪಟ್ಟಿಯದ್ದು, ಇಲ್ಲೊಂದು ಸಹಿ ಹಾಕಮ್ಮ’ ಅಂದೆ. ಹಾಕಿದಳು. ನಾನು ಕೋರ್ಟಿನಲ್ಲಿ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸುವವನು. ‘ಓದಿ ಹೇಳದೆ ಸಹಿ ಹಾಕಿಸಿಕೊಂಡರು’ ಎಂಬ ತಕರಾರು ತಿಂಗಳಿಗೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತದೆ. ಹಾಗೆ ಮಾಡಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಅನುವಾದಿಸುತ್ತೇನೆ.

ಕೆಲವು ವಾರ ಕಳೆದು ಅಮ್ಮನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನು ಬಂತು. ಊರಿನ ವಾರ್ಡಿನಲ್ಲಿ ಪಕ್ಷವಿಲ್ಲದೆ ನಿಂತಿದ್ದಳು. ಶಾಲೆಯ ಕನ್ನಡ ತರಗತಿಗೆ ಎರಡು ವರ್ಷದಿಂದ ಟೀಚರಿಲ್ಲ, ಕೇಳುವವರೂ ಇಲ್ಲ, ಅದಕ್ಕೇ ನಿಂತದ್ದು ಎಂದಳು. ಅಮ್ಮ ನನ್ನನ್ನು ನೋಡುತ್ತಲೇ ಹೇಳಿದಳು: ‘ನಾನು ಬರ್ತೇನೆ. ನನ್ನ ಓಟು ನಿನಗೆ ಬಿತ್ತು ಅಂತಲೇ ತಿಳ್ಕೋ.’

ನನಗೆ ಆ ಅರ್ಜಿ ನೆನಪಾಯಿತು.

ಮರುದಿನವೇ ಊರಿನ ಪಂಚಾಯತಿಗೆ ಫೋನು ಮಾಡಿದೆ. ‘ನೀವೇ ಬರೆದು ಕೊಟ್ಟದ್ದಲ್ವಾ ಸಾರ್? ಹೆಸರು ತೆಗೆದಾಯ್ತು’ ಎಂದರು. ಇಲ್ಲಿನ ನಗರಸಭೆಗೆ ಹೋದೆ. ಪಟ್ಟಿ ಮುಚ್ಚಿದೆ ಎಂದರು. ತಿರುವನಂತಪುರದಲ್ಲಿ ಸರ್ಕಾರಿ ಕೆಲಸದಲ್ಲಿರುವ ನಮ್ಮೂರಿನ ಗೆಳೆಯನನ್ನು ಗೋಗರೆದೆ. ‘ಪಟ್ಟಿ ಮುಚ್ಚಿದ ಮೇಲೆ ಮಂತ್ರಿಯಿಂದಲೂ ಆಗುವುದಿಲ್ಲ ಮಾರಾಯ. ಇಷ್ಟು ವರ್ಷ ಕೋರ್ಟಿನಲ್ಲಿದ್ದು ನಿನಗೆ ಇದು ಹೊಳೀಲಿಲ್ವಾ?’ ಎಂದು ನನಗೇ ಉಗಿದ. ಉಗಿಸಿಕೊಂಡೆ, ಮತ್ತೇನು ಮಾಡಲಿ?

ಅಮ್ಮನಿಗೆ ಹೇಳಲೇಬೇಕಾಯಿತು. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

‘ನನ್ನ ಹೆಸರು ತೆಗೀಲಿಕ್ಕೆ ನಿನಗೆ ಹೇಳಿದ್ದು ಯಾರು?’

‘ಸಹಿ ನಿನ್ನದೇ ಅಮ್ಮ.’

ಹಾಗೆ ಹೇಳಿದೆನಲ್ಲ, ಈ ನಾಲಿಗೆಗೆ ಏನು ಮಾಡಬೇಕು. ಅಮ್ಮ ಉಳಿದ ಅವರೆಕಾಯಿಯನ್ನೂ ಬಿಡಿಸಿ ಮುಗಿಸಿದಳು. ಆಮೇಲೆ, ‘ಆ ಹುಡುಗಿಗೆ ಈಗ ಹೇಳ್ಬೇಡ. ಧೈರ್ಯ ಕೆಡ್ತದೆ’ ಎಂದಳು.

ಇಲ್ಲಿನ ನಗರಸಭೆಗೆ ಮತದಾನ ಮೊದಲು, ಊರಿನ ಪಂಚಾಯತಿಗೆ ಎರಡು ದಿನ ಬಿಟ್ಟು. ಇಲ್ಲಿನ ಮತಗಟ್ಟೆಯಲ್ಲಿ ಅಮ್ಮನಿಗೆ ಯಾರೂ ಎದ್ದು ನಿಲ್ಲಲಿಲ್ಲ, ಯಾಕೆ ನಿಲ್ಲಬೇಕು? ಹೊರಗೆ ಬಂದವಳನ್ನು ಆ ಕಾರ್ಯಕರ್ತ ನಗುತ್ತಾ ಮಾತಾಡಿಸಿದ. ಯಾರಿಗೆ ಹಾಕಿದೆ ಎಂದು ನಾನು ಕೇಳಿದೆ. ‘ಯಾರಿಗೋ. ನನಗೆ ಇಲ್ಲಿ ಯಾರ ಗುರ್ತ ಉಂಟು?’ ಎಂದಳು. ಊರಿನ ಮತದಾನದ ದಿನ ಬೆಳಿಗ್ಗೆಯೇ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು, ಶಾಯಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂಜೆಯವರೆಗೂ ಜಗಲಿಯಲ್ಲಿ ಕೂತಿದ್ದಳು.

ಎಣಿಕೆಯ ದಿನ ಮಧ್ಯಾಹ್ನ ಆ ಹುಡುಗಿಯೇ ಫೋನು ಮಾಡಿದಳು. ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು.

‘ಟೀಚರೇ, ನನಗೂ ಇನ್ನೊಬ್ಬರಿಗೂ ಓಟು ಸರಿಸಮ ಬಿದ್ದದ್ದು. ಮತ್ತೆ ಚೀಟಿ ಎತ್ತಿದ್ರು. ನನ್ನ ಹೆಸರು ಬರ್ಲಿಲ್ಲ.’ ಆಮೇಲೆ ಸೇರಿಸಿದಳು: ‘ಆ ದಿನ ಕೊನೇವರೆಗೆ ನಿಮ್ಮನ್ನು ಕಾದೆ.’

ನಾನು ಫೋನಿಗೆ ಕೈ ಚಾಚಿದೆ. ತಪ್ಪು ನನ್ನದು ಎಂದು ಹೇಳಿಬಿಡಬೇಕೆನಿಸಿತ್ತು. ಅಮ್ಮ ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು.

‘ಕಾಲು ನೋವು ಮಗಾ’ ಎಂದಳು. ‘ಮಗ ಕರ್ಕೊಂಡು ಹೋಗ್ತೇನೆ ಅಂತ ಎಷ್ಟು ಹೇಳಿದ. ನಾನೇ ಬೇಡ ಅಂದದ್ದು.’

ಅಮ್ಮನ ಕಾಲಿಗೆ ಏನೂ ಆಗಿರಲಿಲ್ಲ. ಅವತ್ತು ಬೆಳಿಗ್ಗೆಯೂ ಮೆಟ್ರೋ ಸ್ಟೇಷನ್ನಿನವರೆಗೆ ನಡೆದು ಬಂದಿದ್ದಳು.