ಹತ್ತು ಹದಿನಾರರ ಸೀರೆ

ಎರಡು ಊರಲ್ಲಿ ಒಂದೇ ನಿಮಿಷಕ್ಕೆ ಎರಡು ಸೀರೆ ಬಂದರೆ ಯಾವುದು ಯಾರದೆಂದು ಹೇಗೆ ಗುರುತಿಸುತ್ತೀರಿ? ನಿಧಾನವಾಗಿ ಯೋಚಿಸಿ. ನಾನು ಒಂದೇ ಬೆರಳಲ್ಲಿ ಟೈಪು ಮಾಡುವವಳು, ನಿಮಗೆ ಬೇಕಾದಷ್ಟು ಹೊತ್ತಿದೆ.

ಈ ಫೋನು ಪ್ರತಿ ಮೆಸೇಜಿನ ಕೆಳಗೆ ಗಂಟೆ-ನಿಮಿಷ ಹಾಕುತ್ತದಲ್ಲ, ಅದನ್ನು ಕಂಡಾಗಲೆಲ್ಲ ನನ್ನ ಬೆರಳ ತುದಿ ಚುರ್ರೆನ್ನುತ್ತದೆ. ಎಪ್ಪತ್ತರ ದಶಕದಲ್ಲಿ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದು ಹಳೆ ಸೀರೆಗೆ ಬಣ್ಣ ಹಾಕುವ ಮನೆ. ಟಿಕೋಟದಲ್ಲಿ ನನ್ನ ಗಂಡ, ಬಬಲೇಶ್ವರದಲ್ಲಿ ಮೈದುನ ಕೂತು ಸೀರೆ ಇಸಿದುಕೊಳ್ಳುತ್ತಿದ್ದರು. ಊರಿಗೆ ಇಪ್ಪತ್ತು ನೀಲವ್ವಂದಿರು, ಹೆಸರು ನಂಬುವಂತಿಲ್ಲ ಎಂಬುದು ಮಾವನ ಕಟ್ಟಳೆ. ಸೀರೆ ಇಸಿದುಕೊಂಡ ಊರು, ವಾರ, ಗಂಟೆ, ನಿಮಿಷ ಬರೆದ ಚೀಟಿ ಒಡತಿಗೊಂದು ಕೊಟ್ಟು, ಸೀರೆಯ ಜೊತೆ ಇನ್ನೊಂದು ತರಬೇಕು. ಶಾಯಿಯಲ್ಲಿ ಬರೆದದ್ದು ಬಣ್ಣದ ಹಂಡೆಯಲ್ಲಿ ಉಳಿಯದು. ಹಾಗಾಗಿ ಅಷ್ಟನ್ನೂ ಸೀರೆಯ ಮೂಲೆಗೆ ದಾರದಲ್ಲಿ ಹೊಲಿಯುವ ಕೆಲಸ ಹೊಸ ಸೊಸೆಯ ಪಾಲಿಗೆ, ಅಂದರೆ ನನ್ನ ಪಾಲಿಗೆ ಬಂತು. ಸೂಜಿಯಲ್ಲಿ 'ಬಬಲೇಶ್ವರ' ಎಂದು ಹೊಲಿದು ನೋಡಿ, ಆ ಊರಿನ ಮೇಲೇ ಸಿಟ್ಟು ಬರುತ್ತದೆ.

ಮೊದಲು ವಾರ ಬಿಟ್ಟೆ. ಆಯಾ ದಿನದ ಸೀರೆ ಒಟ್ಟಿಗೇ ಹಂಡೆಗೆ ಇಳಿಯುತ್ತಿತ್ತು, ಯಾರೂ ಕೇಳಲಿಲ್ಲ. ಧೈರ್ಯ ಬಂದು ಊರನ್ನೂ ಬಿಟ್ಟೆ. ಟಿಕೋಟದಲ್ಲಿ ಹತ್ತು ಹದಿನಾರಾದಾಗ ಬಬಲೇಶ್ವರದಲ್ಲೂ ಹತ್ತು ಹದಿನಾರೇ ಆಗಿರುತ್ತದೆ ಎಂಬುದು ಈ ಜಾಣೆಗೆ ಹೊಳೆಯಲಿಲ್ಲ.

ಒಂದು ಮುಂಜಾನೆ ಟಿಕೋಟದ ನೀಲವ್ವ ನಮ್ಮ ಬಾಗಿಲಿಗೆ ಬಂದಳು. ನೀಲಿ ಬಣ್ಣ ಹಾಕಿ ಕಳಿಸಿದ್ದ ಸೀರೆಯನ್ನು ಮಡಿಲಲ್ಲಿ ಬಿಡಿಸಿಕೊಂಡು ಕೂತಳು.

"ಇದು ನಮ್ಮವ್ವನ ಸೀರಿ ಅಲ್ಲವ್ವಾ. ಅಕಿ ಕೈಲೆ ಹಾಕಿದ ತ್ಯಾಪಿ ಎಲ್ಲೈತಿ?"

ಅವಳವ್ವ ತೀರಿಹೋಗಿ ವರ್ಷವಾಗಿತ್ತು. ಉಳಿದದ್ದು ಆ ತೇಪೆಯ ಸೀರೆ ಒಂದೇ. ಮೂಲೆ ನೋಡಿದೆ: ೧೦-೧೬. ಬಬಲೇಶ್ವರಕ್ಕೂ ೧೦-೧೬ರದೇ ಒಂದು ನೀಲಿ ಸೀರೆ ಹೋಗಿದೆ ಎಂದ ಮೈದುನ. ನೀಲವ್ವ ತಂದ ಸೀರೆ ಹಿಡಿದು, ಅವನನ್ನೇ ಕರೆದುಕೊಂಡು ಬಸ್ಸು ಹತ್ತಿದೆ. ಅವನು ತೋರಿಸಿದ ಮನೆಯಲ್ಲಿ ಒಬ್ಬ ಹೆಂಗಸು ಹೊದೆಯುವ ಕೌದಿ ಹೊಲಿಯಲು ಸೀರೆ ಹಾಸಿ ಕತ್ತರಿ ಹಿಡಿದಿದ್ದಳು.

"ತಡೀರಿ ಯಕ್ಕಾ, ಕತ್ತರಿ ಇಡ್ರಿ!"

"ಯಾಕಬೇ, ಕತ್ತರಿಗೂ ಬಣ್ಣಾ ಹಚ್ಚಾಕ ಬಂದೀಯೇನು?"

ತೇಪೆ ಅವಳ ಮೊಣಕಾಲ ಬುಡದಲ್ಲೇ ಇತ್ತು.

ಅಂದಿನಿಂದ ಟಿಕೋಟದ ಸೀರೆಯ ಮೂಲೆಗೆ ದಾರದ ಒಂದು ಗಂಟು, ಬಬಲೇಶ್ವರದ್ದಕ್ಕೆ ಎರಡು. ಅಷ್ಟುದ್ದದ ಊರು ಎರಡು ಗಂಟಿನಲ್ಲಿ ಮುಗಿಯಿತು! ಮಾವನೂ ತಲೆದೂಗಿದರು.

ಈಗ ಮೊಮ್ಮಗಳು ಉದ್ದುದ್ದ ಮೆಸೇಜು ಕಳಿಸುತ್ತಾಳೆ. ನಿನ್ನೆಯವರೆಗೂ ಓದದೆಯೇ ಎಲ್ಲದಕ್ಕೂ 'ಹೂಂ' ಒತ್ತುತ್ತಿದ್ದೆ. ಇವತ್ತು ಒತ್ತಿದ್ದನ್ನು ಅಳಿಸಿ, ಕನ್ನಡಕ ಏರಿಸಿ, ಮೊದಲಿನಿಂದ ಓದಿದೆ. ಯಾಕೆಂದರೆ ಅವ್ವನ ಸೀರೆ ಕೈಗೆ ಕೊಟ್ಟ ದಿನ, "ಇನ್ನ ತಪ್ಪಂಗಿಲ್ಲರಿ, ಗಂಟು ಹಾಕೇನಿ" ಎಂದು ನಾನು ಬೀಗಿದಾಗ, ನೀಲವ್ವ ತೇಪೆಯ ಮೇಲೆ ಬೆರಳಾಡಿಸುತ್ತ ಅಂದಿದ್ದಳು:

"ಹಾಕವ್ವಾ, ಬ್ಯಾಡನ್ನೂದಿಲ್ಲ. ಆದ್ರ ಒಮ್ಮೆ ಸೀರಿ ಬಿಚ್ಚಿ ನೋಡಿದ್ರ ನಿನ್ನ ಕಣ್ಣೇನ ಸವೀತಿದ್ದುವು?"