ತೊಂಬತ್ತೊಂಬತ್ತರ ಅಣ್ಣ

ನಮ್ಮ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನಾವಿಟ್ಟ ಹೆಸರು ‘ಪ್ರಾಕ್ಟೀಸ್ ಅಣ್ಣ’. ಸರ್ಟಿಫಿಕೇಟ್ ಪರೀಕ್ಷೆಗೆ ತಯಾರಾಗಲೆಂದು ಆರು ವರ್ಷದಿಂದ ಅವರು ದಿನಾ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಒಂದು ಮಾದರಿ ಪರೀಕ್ಷೆ ಬರೆಯುತ್ತಾರೆ. ಎಡಗಡೆ ಊಟದ ಡಬ್ಬಿ, ಬಲಗಡೆ ಮೌಸ್. ತುತ್ತು ಗಂಟಲಿಗಿಳಿಯುವ ಮೊದಲೇ ಉತ್ತರ ಒತ್ತಿಯಾಗಿರುತ್ತದೆ. ನೂರು ಪ್ರಶ್ನೆಯೂ ಬಾಯಿಪಾಠ. ಮೊದಲ ಪದ ಓದಿದರೆ ಸಾಕು, “ಇದು ಸಿ ಕಣಪ್ಪಾ, ಬಿ ಒತ್ತಿದ್ಯೋ ಕೆಟ್ಟೆ” ಅನ್ನುತ್ತಾರೆ. ಹೋಟೆಲಿನಲ್ಲಿ ಕಾಫಿಯೋ ಟೀಯೋ ಅಂತ ಕೇಳಿದರೆ, “ಇನ್ನೆರಡು ಆಯ್ಕೆ ಹೇಳ್ಲಿಲ್ವಲ್ಲ?” ಅನ್ನುವ ಆಸಾಮಿ. ಅವರ ಹತ್ತಿರ ಪಾಠ ಹೇಳಿಸಿಕೊಂಡವರೆಲ್ಲ ಪಾಸಾಗಿ, ಇಬ್ಬರು ಅವರಿಗೇ ಮೇಲಧಿಕಾರಿಗಳೂ ಆಗಿದ್ದಾರೆ. “ನಿಮ್ಮ ನಿಜವಾದ ಪರೀಕ್ಷೆ ಯಾವಾಗಣ್ಣಾ?” ಅಂದರೆ, “ಇದ್ರಲ್ಲಿ ನೂರಕ್ಕೆ ನೂರು ಬರ್ಲಿ, ಮಾರನೇ ದಿನಾನೇ ಹೋಗಿ ಬರೀತೀನಿ. ಮನೆಯವಳಿಗೂ ಮಾತು ಕೊಟ್ಟಿದೀನಿ” ಅನ್ನುತ್ತಾರೆ. ಬರುವುದು ಮಾತ್ರ ಯಾವತ್ತೂ ತೊಂಬತ್ತೊಂಬತ್ತು. “ಛೇ, ಕೂದಲೆಳೆಯಲ್ಲಿ ತಪ್ಪಿಹೋಯ್ತು” ಎಂದು ಡಬ್ಬಿ ಮುಚ್ಚುತ್ತಾರೆ. ನಾವೂ ಜೊತೆಗೆ ಲೊಚಗುಟ್ಟುತ್ತೇವೆ. ನಿನ್ನೆ ನಾವೆಲ್ಲ ಹೊರಗೆ ಊಟಕ್ಕೆ ಹೋಗಿದ್ದಾಗ, ಮರೆತ ನೀರಿನ ಬಾಟಲಿಗೆಂದು ವಾಪಸು ಬಂದವನು ಅವರ ಬೆನ್ನ ಹಿಂದೆ ನಿಂತೆ. ಪರದೆಯ ಮೇಲೆ ನೂರನೆಯ ಪ್ರಶ್ನೆಯಿತ್ತು. ಹಿಂದಿನ ದಿನವಷ್ಟೇ ಅದನ್ನು ನನಗೆ ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದರು. ಬಾಣದ ಗುರುತು ನೇರವಾಗಿ ಸರಿಯುತ್ತರದ ಮೇಲೆ ಹೋಗಿ ನಿಂತಿತು. ಆಮೇಲೆ ಅಣ್ಣ ಅದನ್ನು ಮೆಲ್ಲಗೆ ಕೆಳಗಿನ ಸಾಲಿಗೆ ಎಳೆದು ಒತ್ತಿದರು. ಕೋಣೆಯಲ್ಲಿ ಯಾರೂ ಇಲ್ಲವೆಂದೇ ತಿಳಿದಿದ್ದರೂ, ಎಂದಿನಷ್ಟೇ ಗಟ್ಟಿಯಾಗಿ “ಛೇ” ಅಂದರು.