ಕುಂದಾ ತೊಗೊಂಡ ಬರ್ರಿ

ಬಂದೂಕಿನಲ್ಲಿ ಭುಜಕ್ಕೆ ಆನಿಸಿಕೊಳ್ಳುವ, ನಳಿಗೆಯ ಅಡಿಯವರೆಗೂ ಚಾಚಿದ ಮರದ ಭಾಗಕ್ಕೆ ನಮ್ಮ ಕಡೆ ಕುಂದಾ ಎನ್ನುತ್ತಾರೆ. ಹಾಲನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಸಿ ಮಾಡುವ ಬೆಳಗಾವಿಯ ಸಿಹಿಗೂ ಕುಂದಾ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಆದದ್ದು ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ದೇವರನ್ನೂ ಜ್ಯೋತಿಷ್ಯವನ್ನೂ ನಮ್ಮ ಪ್ರಿನ್ಸಿಪಾಲರನ್ನೂ ಒಂದೇ ಪ್ರಮಾಣದಲ್ಲಿ ನಂಬುತ್ತಿರಲಿಲ್ಲ. ಈಗ ಆ ಸಾಲಿಗೆ ನನ್ನ ನೆನಪೂ ಸೇರಿದೆ. ಈ ಕಥೆಯನ್ನು ಎಷ್ಟೋ ಮದುವೆ ಪಂಕ್ತಿಗಳಲ್ಲಿ ಹೇಳಿದ್ದೇನೆ. ನಕ್ಕವರಿಗಾಗಿ ಎಲ್ಲೆಲ್ಲಿ ತಿದ್ದಿದ್ದೇನೋ ನನಗೇ ತಿಳಿಯದು.

ಖಾನಾಪುರದ ಮಾಮಾ, ಅಂದರೆ ನನ್ನ ಸೋದರಮಾವ, ಕಟ್ಟಿಗೆ ಡಿಪೋದ ಕೆಲಸದಿಂದ ನಿವೃತ್ತನಾಗಿದ್ದ. ಅವನ ಹತ್ತಿರ ಒಂದು ಏರ್‌ಗನ್ ಇತ್ತು. ಪ್ರತಿ ದಸರೆಯ ಬೆಳಿಗ್ಗೆ ಊರಿನ ಹಂಚಿನ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಅವನೂ ಅವನ ಗೆಳೆಯರೂ ಗುರಿ ಹೊಡೆಯುತ್ತಿದ್ದರು, ಸಂಜೆ ಬನ್ನಿ ಹಂಚಿಕೊಳ್ಳುತ್ತಿದ್ದರು. ಮಾಮಾ ಎಷ್ಟು ವರ್ಷ ಗೆದ್ದಿದ್ದ ಎಂದು ಕೇಳಿದರೆ ಅವನು ಒಂದು ಲೆಕ್ಕ ಹೇಳುತ್ತಿದ್ದ, ಅತ್ತೆ ಅದರ ಅರ್ಧ ಹೇಳುತ್ತಿದ್ದಳು. ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಕಪ್ಪು ಎತ್ತಿದರೆ ಚಹಾ ತಾನಾಗಿಯೇ ಕೆಳಗಿನ ಬಸಿಗೆ ಇಳಿಯುತ್ತಿತ್ತು. ಔಷಧ ಕೊಟ್ಟ ಡಾಕ್ಟರು ನಡುಕಕ್ಕೊಂದು ಇಂಗ್ಲಿಷ್ ಹೆಸರು ಕೊಟ್ಟರು. ನಡುಕ ನಿಲ್ಲಲಿಲ್ಲ. ಮಾಮಾ ಬಯಲಿಗೆ ಹೋಗುವುದನ್ನು ಬಿಟ್ಟ.

ಹಂಚಿನ ಕಾರ್ಖಾನೆಯ ಮಾಲೀಕ ಅವನ ಬಾಲ್ಯದ ಗೆಳೆಯ. ಅನುಕಂಪ ಎಂಬುದು ಆ ಮನುಷ್ಯನ ಬಾಯಿಂದ ಬೈಗುಳವಾಗಿಯೇ ಹೊರಬರುತ್ತಿತ್ತು.

"ಬಂದೂಕ ನನಗ ಕೊಟ್ಟಬಿಡೋ ದೋಸ್ತಾ. ನಿನ್ನ ಕೈಯಾಗ ಅದಕ್ಕ ಚಕ್ಕರ್ ಬರಾಕತ್ತೈತಿ."

"ಈ ದಸರಾಕ್ಕ ಹೊಡೀತೇನಿ," ಎಂದ ಮಾಮಾ. "ಐದು ಗುಂಡು. ಐದೂ ಪೋಸ್ಟ್‌ಕಾರ್ಡಿನ್ಯಾಗ ಇರಬೇಕು. ಒಂದು ತಪ್ಪಿದರೂ ಬಂದೂಕ ನಿಂದು. ಆಮ್ಯಾಲ ನಾ ಅದರ ಸುದ್ದೀನ ತಗಿಯೂದಿಲ್ಲ."

ಈ ಮಾತಿನ ಹಿಂದೆ ನಾನಿದ್ದೆ. ಬೆಳಗಾವಿಯ ಕ್ಯಾಂಪಿನ ರದ್ದಿ ಅಂಗಡಿಯಲ್ಲಿ ನನಗೊಂದು ವಿದೇಶಿ ಪತ್ರಿಕೆ ಸಿಕ್ಕಿತ್ತು. ಅದರ ಚಿತ್ರದಲ್ಲಿ ದಪ್ಪ ಗಂಡಸರು ಮೇಜಿನ ಮುಂದೆ ಗುಮಾಸ್ತರಂತೆ ಕುಳಿತು, ಮರಳಿನ ಚೀಲದ ಮೇಲೆ ಬಂದೂಕು ಮಲಗಿಸಿ ಗುರಿ ಹೊಡೆಯುತ್ತಿದ್ದರು. ಅವರ ಬಂದೂಕುಗಳ ಕುಂದಾ ನಮ್ಮದರಂತೆ ತೆಳ್ಳಗೆ ಗುಂಡಗೆ ಇರಲಿಲ್ಲ. ಚೀಲದ ಮೇಲೆ ಹೊರಳಬಾರದೆಂದು ಅಡಿಭಾಗ ಅಗಲವಾಗಿ, ಮಣೆಯ ಹಾಗೆ ಚಪ್ಪಟೆಯಾಗಿತ್ತು. ಮಾಮಾ ಚಿತ್ರವನ್ನು ಬಹಳ ಹೊತ್ತು ನೋಡಿ, "ಮುದುಕರ ಆಟ. ನಮಗ ಬರೋಬ್ಬರಿ ಐತಿ," ಎಂದ.

ಗೆಳೆಯನೂ ಒಪ್ಪಿದ. "ಕುಂತು ಹೊಡಿ, ಮಕ್ಕೊಂಡು ಹೊಡಿ, ಬೇಕಂದ್ರ ತೊಟ್ಟಿಲದಾಗ ಹಾಕಿ ತೂಗತೇವಿ."

ಹೊಸ ಕುಂದಾಕ್ಕೆ ಮರ ಅತ್ತೆಯ ತವರಿನ ಮಂಚದಿಂದ ಬಂತು. ಮಂಚ ಮೊದಲೇ ಮುರಿದಿತ್ತು ಎಂದು ಮಾಮಾ, ಇವರೇ ಮುರಿದರು ಎಂದು ಅತ್ತೆ. ಹಳೆಯ ಸಾಗವಾನಿ, ಚೆನ್ನಾಗಿ ಒಣಗಿದ ಹಲಗೆ. ಅದನ್ನು ನಾನು ಬಸ್ಸಿನ ಮೇಲೆ ಹಾಕಿಕೊಂಡು ಬೆಳಗಾವಿಯ ಶಹಾಪುರದ ಒಬ್ಬ ಬಡಿಗನಿಗೆ ಒಯ್ದುಕೊಟ್ಟೆ. ಅವನು ಮಂಚ, ಕಪಾಟು ಮಾಡುತ್ತಿದ್ದ. ಕೈಗಿಂತ ಬಾಯಿ ಹೆಚ್ಚು ಓಡುತ್ತಿತ್ತು. ಒಂದು ವಾರ ತನ್ನ ಅಜ್ಜ ಯಾವುದೋ ಮಹಾರಾಜರಿಗೆ ಪಲ್ಲಕ್ಕಿ ಮಾಡಿಕೊಟ್ಟವನು, ಮುಂದಿನ ವಾರ ಅದು ಪಲ್ಲಕ್ಕಿಯಲ್ಲ, ಸಿಂಹಾಸನ. ಅವನ ಮೊದಲ ಪ್ರಯತ್ನ ನೋಡಲು ಮಾಮಾನೇ ಖಾನಾಪುರದಿಂದ ಬಂದ.

"ಇದರಾಗ ಕೂಸಿನ್ನ ಮಲಗಸಬೇಕೇನ?"

"ನೀವ ಅಗಲ ಬೇಕಂದ್ರಲ್ರಿ."

"ಅಗಲ ಅಂದ್ರ ಹೆಬ್ಬಾಗಿಲೇನೋ?"

ಬಡಿಗ ಅದನ್ನು ಕೆತ್ತಿ ಕೆತ್ತಿ ಒಂದು ಆಕಾರಕ್ಕೆ ತಂದ. ಕೆನ್ನೆ ಇಡುವ ಕಡೆ ಮಾಮಾನ ಮುಖಕ್ಕೆ ತಕ್ಕಂತೆ ಎತ್ತರ ಬಿಟ್ಟ, ಭುಜಕ್ಕೆ ತಗಲುವ ಕಡೆ ಬೆರಳಿನಷ್ಟು ಮೊಟಕು ಮಾಡಿದ.

ಇತ್ತ ಪ್ರತಿ ರವಿವಾರ ನಾನು ಖಾನಾಪುರಕ್ಕೆ ಹೋಗಿ ಬಂದೂಕಿನ ಹೊಟ್ಟೆ ಬಿಚ್ಚುತ್ತಿದ್ದೆ. ಒಳಗಿನ ಸ್ಪ್ರಿಂಗಿನ ತುದಿಗಳನ್ನು ಉಜ್ಜಿ ನುಣುಪು ಮಾಡಿದೆವು. ಗಾಳಿ ಸೋರದಂತೆ ಹೊಸ ಚರ್ಮದ ವಾಶರ್ ಕತ್ತರಿಸಿ ಕೂಡಿಸಿದೆವು. ವಾಶರ್ ಮೆತ್ತಗಾಗಲೆಂದು ಅಡುಗೆಮನೆಯ ಶೇಂಗಾ ಎಣ್ಣೆ ಧಾರಾಳವಾಗಿ ಹಾಕಿದೆವು. ಮೊದಲ ಗುಂಡಿಗೆ ಎಣ್ಣೆ ಒಳಗೇ ಹೊತ್ತಿಕೊಂಡು ದೀಪಾವಳಿ ಪಟಾಕಿಯ ಶಬ್ದ ಬಂತು. ಪಡಸಾಲೆಯ ತುಂಬ ನೀಲಿ ಹೊಗೆ, ಜೊತೆಗೆ ಮಿರ್ಚಿ ಭಜಿ ಕರಿದ ವಾಸನೆ.

"ಅಷ್ಟು ಛಲೋ ವಾಸನಿ ಬರತೈತಿ ಅಂದ್ರ," ಅತ್ತೆ ಒಳಗಿನಿಂದ ಕೂಗಿದಳು, "ಒಂದೀಟು ಹಿಟ್ಟೂ ಹಾಕ್ರಿ ಒಳಗ."

ಕುಂದಾ ಖಂಡೇನವಮಿಯ, ಅಂದರೆ ಆಯುಧ ಪೂಜೆಯ, ಬೆಳಿಗ್ಗೆ ಸಿದ್ಧವಾಗುತ್ತದೆ ಎಂದು ಬಡಿಗ ಮಾತು ಕೊಟ್ಟ. ಮರುದಿನವೇ ದಸರೆ, ಗುರಿಯ ದಿನ. ನನಗೆ ಆಗಲೇ ರಜೆ ಬಿದ್ದು ನಾನು ಖಾನಾಪುರ ಸೇರಿದ್ದೆ. ಆದರೆ ಮಾಮಾನ ಮಗಳ ಗಂಡ ಬೆಳಗಾವಿಯ ಬ್ಯಾಂಕಿನಲ್ಲಿದ್ದ. ಹೆಂಡತಿಯನ್ನು ಮೊದಲೇ ತವರಿಗೆ ಕಳಿಸಿದ್ದ, ಮದುವೆಯಾದ ಮೇಲಿನ ಮೊದಲ ದಸರೆಗೆ ಖಂಡೇನವಮಿಯ ರೈಲಿಗೆ ಬರುವವನಿದ್ದ. ಮಾಮಾ ಅಂಚೆ ಕಚೇರಿಗೆ ಹೋಗಿ ಅವನ ಬ್ಯಾಂಕಿಗೆ ಟ್ರಂಕ್ ಕಾಲ್ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನಿಂತಿದ್ದೆ ಎಂದು ಈಗ ಅನಿಸುತ್ತದೆ.

"ಬರೂಮುಂದ ಶಹಾಪುರದಾಗ ಕುಂದಾ ತೊಗೊಂಡ ಬರ್ರಿ! ಹೇಳಿ ಇಟ್ಟೇನಿ! ರೊಕ್ಕಾ ಕೊಟ್ಟೇನಿ! ಛಲೋತ್ನ್ಯಾಗ ಸುತ್ತಿಸಿಕೊಂಡ ಬರ್ರಿ, ಹಾಂ?"

ಲೈನಿನಲ್ಲಿ ಯಾರೋ ಮೂರನೆಯವರು ಮರಾಠಿಯಲ್ಲಿ ಮೆಣಸಿನಕಾಯಿ ದರ ಕೇಳುತ್ತಿದ್ದರು. ಅಷ್ಟರ ನಡುವೆ 'ಕುಂದಾ' ಮತ್ತು 'ತೊಗೊಂಡ ಬರ್ರಿ' ಮಾತ್ರ ಆ ತುದಿಗೆ ಮುಟ್ಟಿದವು.

ಖಂಡೇನವಮಿಯ ದಿನ ಆತ ಸ್ಟೇಶನ್ನಿನಿಂದ ಟಾಂಗಾದಲ್ಲಿ ಬಂದಿಳಿದ.

"ಕುಂದಾ ತಂದ್ರಿ?" ಮಾಮಾ ಅಂಗಳಕ್ಕೇ ಓಡಿದ.

"ತಂದೇನ್ರಿ ಮಾವಾರ. ನೀವು ಹೇಳಿಟ್ಟ ಅಂಗಡಿ ಯಾವದಂತ ತಿಳೀಲಿಲ್ಲ. ನಾನ ರೊಕ್ಕಾ ಕೊಟ್ಟು ಎರಡು ಕಿಲೋ ತಂದೆ. ತಾಜಾ ಐತ್ರಿ, ಇನ್ನೂ ಬೆಚ್ಚಗ ಐತಿ."

ಮಾಮಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಡಬ್ಬಿ ನಡುಗಿತು. ಮೊದಲ ಹಬ್ಬಕ್ಕೆ ಬಂದ ಮಗಳ ಗಂಡನಿಗೆ ಬೈಯುವುದು ನಮ್ಮಲ್ಲಿಲ್ಲ. ಅವನು ಬಾವಿಗೆ ಬಿದ್ದರೂ ಕೈಕಾಲು ತೊಳೆಯಲು ನೀರು ಸಿಕ್ಕಿತೇ ಎಂದು ಕೇಳಬೇಕು. ಆದ್ದರಿಂದ ಮಾಮಾ, "ಭಾಳ ಛಲೋ ಆತು, ಬರ್ರಿ, ಕುಂದರ್ರಿ," ಎಂದು ಅವನನ್ನು ಕೂರಿಸಿ ನನ್ನ ಕಡೆ ತಿರುಗಿದ. ನಾನೂ ಅಳಿಯನೇ, ಆದರೆ ಅಕ್ಕನ ಮಗ. ಬೈಸಿಕೊಳ್ಳುವ ಜಾತಿಯ ಅಳಿಯ.

"ಎಂ.ಎಸ್ಸಿ. ಮಾಡೀಯಲ್ಲ, ಬಾಜೂಕ ನಿಂತಿದ್ಯಲ್ಲ, ಮರದ್ದು ಅಂತ ಒಂದು ಶಬ್ದ ನೆನಪು ಮಾಡಾಕ ಆಗಲಿಲ್ಲೇನ ನಿನಗ?"

ನಾನು ಸಿಕ್ಕ ಬಸ್ಸು ಹಿಡಿದು ಬೆಳಗಾವಿಗೆ ಓಡಿದೆ. ಬಡಿಗನ ಅಂಗಡಿಯಲ್ಲಿ ಆಯುಧ ಪೂಜೆ ಆಗಿಹೋಗಿತ್ತು. ಉಳಿ, ಗರಗಸ, ಕೀಸುಳಿಗಳ ನಡುವೆ ನಮ್ಮ ಕುಂದಾ ಚೆಂಡುಹೂ ಮುಡಿದು, ಅರಿಷಿಣ ಕುಂಕುಮ ಹಚ್ಚಿಕೊಂಡು, ತೆಂಗಿನಕಾಯಿಯ ಹೋಳಿನ ಪಕ್ಕ ಮದುಮಗಳಂತೆ ಕೂತಿತ್ತು.

"ನಾಳೆ ಸಂಜೀಕ ಬರ್ರಿ ಸರ. ಪೂಜಿಗೆ ಇಟ್ಟದ್ದು ಬನ್ನಿ ಮುಡಿಯೂತನಾ ಎತ್ತಾಕ ಬರೂದಿಲ್ಲ."

"ಗುರಿ ನಾಳೆ ಬೆಳಿಗ್ಗೆನೇ ಇದೆ. ಅದು ಆಯುಧನೇ ಅಲ್ಲ, ಮಂಚದ ಹಲಗೆ."

"ಈಗ ಆಯುಧ ಆಗೇತಲ್ರಿ."

"ನಾನು ಇದನ್ನೆಲ್ಲ ನಂಬುವುದಿಲ್ಲ."

"ನಿಮಗ ನಂಬ್ರಿ ಅಂದವರು ಯಾರ್ರಿ? ನನ್ನ ಉಳಿ ನಂಬತಾವು. ನಾಳೆ ಅವು ಸಿಟ್ಟಿಗೆದ್ದು ನನ್ನ ಬೆರಳು ಕಡದ್ರ ನೀವು ಬಂದು ಹಲಗಿ ಕೊರೀತೀರೇನ?"

ಬರಿಗೈಯಲ್ಲಿ ಖಾನಾಪುರಕ್ಕೆ ಮರಳಿದೆ. ಮಾಮಾ ಹಳೆಯ ಕುಂದಾವನ್ನೇ ಬಂದೂಕಿಗೆ ಸೇರಿಸಿ ಸ್ಕ್ರೂ ಬಿಗಿಯಲು ಕುಳಿತ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಯ ಗೀರನ್ನು ಹುಡುಕುತ್ತ ಅತ್ತಿತ್ತ ಅಲೆಯುತ್ತಿತ್ತು. ನಾನು ಕೈಚಾಚಿದರೆ ಕೊಡಲಿಲ್ಲ.

ದಸರೆಯ ಬೆಳಿಗ್ಗೆ ಬಯಲಿನಲ್ಲಿ ಕಾರ್ಖಾನೆಯ ಆಫೀಸಿನ ಮೇಜು ಹಾಕಿದ್ದರು. ಆಚೆ ಬದಿಗೆ, ಹಂಚಿಗೆಂದು ಕಲಸಿದ ಹಸಿ ಮಣ್ಣಿನ ದಪ್ಪ ಮುದ್ದೆಯನ್ನು ಗೋಡೆಗೆ ಆನಿಸಿ, ಅದರ ಮೇಲೆ ಒಂದು ಪೋಸ್ಟ್‌ಕಾರ್ಡು ಅಂಟಿಸಿದ್ದರು. ಹಾರಿದ ಗುಂಡು ಮಣ್ಣಿನಲ್ಲೇ ಹೂತು ನಿಲ್ಲಬೇಕು. ಮಲಪ್ರಭೆಯ ಮರಳನ್ನು ಯಾರೋ ಹಸಿಯಾಗಿಯೇ ಚೀಲಕ್ಕೆ ತುಂಬಿದ್ದರು. ಅದು ಇಟ್ಟಿಗೆಯಂತೆ ಬಿರುಸಾಗಿತ್ತು. ಸ್ಪ್ರಿಂಗಿನ ಬಂದೂಕು ಗುಂಡು ಹಾರುವಾಗ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಗಟ್ಟಿ ಚೀಲದ ಮೇಲೆ ಇಟ್ಟರೆ ಪುಟಿಯುತ್ತದೆ. ಅದರ ಮೇಲೆ ಗುಂಡಗಿನ ಹಳೆಯ ಕುಂದಾ ಹೊರಳುತ್ತಿತ್ತು. ಮಾಮಾ ಹೊರಳದಂತೆ ಬಿಗಿಯಾಗಿ ಹಿಡಿದ. ಬಿಗಿ ಹಿಡಿದಷ್ಟೂ ಅವನ ನಡುಕವೆಲ್ಲ ನಳಿಗೆಗೆ ಇಳಿಯಿತು. ಪ್ರಯೋಗಕ್ಕೆಂದು ಹೊಡೆದ ಗುಂಡುಗಳು ಕಾರ್ಡಿನ ಸುತ್ತ ಮಣ್ಣನ್ನು ಮೈಲಿಬೇನೆಯ ಮುಖದಂತೆ ಮಾಡಿದವು.

ಗೆಳೆಯ ಏನೂ ಚೇಷ್ಟೆ ಮಾಡಲಿಲ್ಲ. ಅದೇ ಕೆಟ್ಟ ಸೂಚನೆ.

ಚಹಾ, ಫಳಾರದ ಜೊತೆ ಕುಂದಾದ ಡಬ್ಬಿಯನ್ನೂ ತಂದಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಕುಂದಾ ಕುಂದಾ ಅಂತ ಬಡಕೊಂಡ್ರಿ. ಬಂದೈತಲ್ಲ ಎರಡು ಕಿಲೋ? ಅದರ ಮ್ಯಾಲ ಇಟ್ಟು ಹೊಡೀರಿ."

ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. "ತಾ ಇಲ್ಲಿ," ಎಂದ.

ಡಬ್ಬಿಯಿಂದ ಕುಂದಾ ತುಂಬಿದ ಪ್ಲಾಸ್ಟಿಕ್ ಚೀಲ ತೆಗೆದು, ಟಾವೆಲಿನಲ್ಲಿ ಸುತ್ತಿ, ಮರಳಿನ ಚೀಲದ ಜಾಗದಲ್ಲಿ ಇಟ್ಟ. ಬಂದೂಕು ಅದರೊಳಗೆ ತನ್ನದೇ ಭಾರಕ್ಕೆ ಮೆಲ್ಲಗೆ ಇಳಿದು ಕೂತಿತು. ಹೊರಳಲಿಲ್ಲ. ಹಿಡಿಯುವ ಅಗತ್ಯವೇ ಉಳಿಯಲಿಲ್ಲ. ಮಾಮಾನ ಎಡಗೈ ತೊಡೆಯ ಮೇಲೆ ನಡುಗುತ್ತ ಬಿದ್ದಿತ್ತು, ಬಲಗೈಯ ಒಂದು ಬೆರಳು ಮಾತ್ರ ಬಂದೂಕಿನ ಕುದುರೆಯ ಮೇಲೆ. ಪ್ರೀತಿಯಿಂದ ತಂದ ಸಿಹಿಯನ್ನು ಮಾವ ಬಂದೂಕಿನ ಕೆಳಗೆ ಇಟ್ಟದ್ದನ್ನು ಮಗಳ ಗಂಡ ನೋಡಿದ ರೀತಿಯನ್ನು ನಾನು ವರ್ಣಿಸಲಾರೆ. ಇಂದು ಕೇಳಿದರೆ ಅದು ದಿಂಬು, ಕುಂದಾ ಅಲ್ಲವೇ ಅಲ್ಲ ಎನ್ನುತ್ತಾನೆ. ಅತ್ತೆ ಕುಂದಾ ಎಂದೇ ಹೇಳುತ್ತಾಳೆ. ಆದರೆ ಅತ್ತೆ ತನ್ನ ಮಾತು ಗೆದ್ದ ಕಥೆಗಳನ್ನು ಮಾತ್ರ ನೆನಪಿಡುವವಳು.

ಐದು ಗುಂಡು ಹಾರಿದವು. ನಾನೂ ಗೆಳೆಯನೂ ನೋಡಲು ಹೋದೆವು. ಕಾರ್ಡಿನ ನಡುವಿನಿಂದ ಸ್ವಲ್ಪ ಎಡಕ್ಕೆ ಒಂದೇ ತೂತು. ಅಂಚು ಹರಿದು ಅಗಲವಾಗಿತ್ತು, ಆದರೆ ಒಂದೇ. ಐದೂ ಅಲ್ಲೇ ಹೊಕ್ಕಿರಬಹುದು. ಎರಡು ಹೊಕ್ಕು ಮೂರು ಹೊರಗೆ ಹೋಗಿ, ಪ್ರಯೋಗದ ಗುರುತುಗಳಲ್ಲಿ ಸೇರಿಕೊಂಡಿರಬಹುದು. ಮಣ್ಣನ್ನು ಅಗೆದರೆ ಗೊತ್ತಾಗುತ್ತದೆ. ನಾನು ಜೇಬಿನಿಂದ ಪೆನ್ನು ತೆಗೆದೆ.

ಗೆಳೆಯ ನನಗಿಂತ ಮೊದಲೇ ಕಾರ್ಡು ಕಿತ್ತು, ಹಿಂದಿನ ಮಣ್ಣಿನ ತೂತಿನಲ್ಲಿ ಬೆರಳು ಹಾಕಿದ. ಬೆರಳು ಒಳಗೆ ತಿರುಗಿತು. ಅವನ ಮುಖವನ್ನೇ ನೋಡಿದೆ, ಏನೂ ಕಾಣಲಿಲ್ಲ. ಮಣ್ಣಿನೊಳಗೆ ಸೀಸ ಮಿಂಚಿದ್ದು ಮಾತ್ರ ಕಂಡಿತು. ಒಂದೋ, ಐದೋ. ಆಮೇಲೆ ಅವನು ಹೆಬ್ಬೆರಳಿನಿಂದ ಆ ತೂತನ್ನು ಒತ್ತಿ, ಸವರಿ, ಹಸಿ ಹಂಚಿನಂತೆ ನುಣ್ಣಗೆ ಮುಚ್ಚಿಬಿಟ್ಟ.

"ಐದೂ ಅದಾವು!" ಎಂದು ಮೇಜಿನ ಕಡೆ ಕೂಗಿದ.

"ಎಣಿಸಿದ್ರಾ?" ಎಂದೆ, ಮೆಲ್ಲಗೆ.

"ನೀವು ಕಾಲೇಜಿನ್ಯಾಗ ಎಣಸ್ರಿ ಸರ," ಎಂದ ಅವನು, ಬೆರಳಿನ ಮಣ್ಣನ್ನು ಧೋತರಕ್ಕೆ ಒರೆಸಿಕೊಳ್ಳುತ್ತ. "ಇದು ನನ್ನ ಮಣ್ಣು."

ಮಾಮಾ ಕುರ್ಚಿಯಿಂದ ಎದ್ದು ಬಂದೂಕನ್ನು ಹೆಗಲಿಗೆ ಏರಿಸಿಕೊಂಡಿದ್ದ. ಕಾರ್ಡು ನೋಡಲು ನಮ್ಮ ಕಡೆ ಬರಲಿಲ್ಲ. ನೇರವಾಗಿ ಮನೆಯ ದಾರಿ ಹಿಡಿದ.